ಅಂಚಿಲ್ಲದ ನೆರಳು

ಕಟ್ಟು ಹಾಕಿದ ಪಟವನ್ನು ಗಿರಾಕಿಯ ಕೈಗೆ ಕೊಡುವಾಗ ಅವನು ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದ. ಕಿಟಕಿಗೆ ಎದುರಾದ ಗೋಡೆಗೆ ಹಾಕಬೇಡಿ, ಪಕ್ಕದ ಗೋಡೆಗೆ ಹಾಕಿ. ಹೇಳಿದ ಮೇಲೂ ಅವರಿಗೆ ಕೇಳಿಸಿತೋ ಇಲ್ಲವೋ ಎಂಬ ಅನುಮಾನ ಬಂದು, ಅವರು ಬಾಗಿಲು ದಾಟುವಷ್ಟರಲ್ಲಿ ಇನ್ನೊಮ್ಮೆ ಹೇಳುತ್ತಿದ್ದ. ಅಂಗಡಿಯ ಯಜಮಾನರಿಗೆ ಇದನ್ನು ಕೇಳಿ ಕೇಳಿ ಸಾಕಾಗಿತ್ತು. "ಪಟ ಹಾಳಾದ್ರೆ ತಾನೇ ಅವರು ತಿರುಗಿ ಬರೋದು? ನಮ್ಮ ಹೊಟ್ಟೆ ಮೇಲೆ ನೀನೇ ಹೊಡೀತೀಯಲ್ಲಪ್ಪ" ಎನ್ನುತ್ತಿದ್ದರು. ಅವನು ನಗುತ್ತಿದ್ದ. ಮುಂದಿನ ಗಿರಾಕಿಗೂ ಅದನ್ನೇ ಹೇಳುತ್ತಿದ್ದ. ಬಿಸಿಲು ಬಣ್ಣವನ್ನು ತಿನ್ನುತ್ತದೆ ಎಂಬುದು ಅವನ ಕಸುಬಿನ ಮೊದಲ ಪಾಠವಾಗಿತ್ತು.

ಅವನು ಇದ್ದ ಕಟ್ಟಡದಲ್ಲಿ ಎಲ್ಲರೂ ಅವನನ್ನು ಫ್ರೇಮಣ್ಣ ಎಂದೇ ಕರೆಯುತ್ತಿದ್ದರು. ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅವನೂ ಅವನ ಅಕ್ಕನೂ ಇದ್ದರು. ಅವನಿಗೆ ಮದುವೆಯಾಗಿರಲಿಲ್ಲ, ಅಕ್ಕನ ಗಂಡ ಎಂದೋ ತೀರಿಕೊಂಡಿದ್ದ. ಒಲೆಯೂ ಅವನ ಹಾಸಿಗೆಯೂ ಇದ್ದ ಮುಂದಿನ ಕೋಣೆಯ ಕಿಟಕಿ ತೆರೆದರೆ ಕಾಣುತ್ತಿದ್ದುದು ಪಕ್ಕದ ಕಟ್ಟಡದ ಗೋಡೆ. ಸೌಟು ಚಾಚಿದರೆ ತಾಗುವಷ್ಟು ಹತ್ತಿರ. ಆಕಾಶ ಕಾಣುವ ಕಿಟಕಿ ಅಕ್ಕನ ಕೋಣೆಗೆ ಮಾತ್ರ ಇತ್ತು, ಅದೂ ಪಶ್ಚಿಮಕ್ಕೆ. ಆ ಕಿಟಕಿಯನ್ನೇ ಈಗ ಮುಚ್ಚಬೇಕಾಗಿ ಬಂದಿತ್ತು.

ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದವಳು. ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಒಂದೇ ಕಣ್ಣಿನಲ್ಲಿ ಅವಳು ಸೂಜಿಗೆ ದಾರ ಪೋಣಿಸುವ ಚುರುಕು ನೋಡಿ ಜೊತೆಯವರು, ಇವಳಿಗೆ ಎರಡೂ ಇದ್ದಿದ್ದರೆ ನಾವೆಲ್ಲ ಮನೆಗೆ ಹೋಗಬೇಕಾಗಿತ್ತು ಎಂದು ತಮಾಷೆ ಮಾಡುತ್ತಿದ್ದರಂತೆ. ಈಗ ಆ ಒಂದು ಕಣ್ಣಿನ ಕಪ್ಪಿನ ಮೇಲೆ ಹುಣ್ಣಾಗಿತ್ತು. ಡಾಕ್ಟರಮ್ಮ ತುಂಬ ಹೊತ್ತು ಪರೀಕ್ಷೆ ಮಾಡಿ, ಹುಣ್ಣು ಒಣಗುವವರೆಗೆ ಕೋಣೆ ಕತ್ತಲಾಗಿರಬೇಕು ಎಂದರು. ಯಾಕೆಂದು ಅವನು ಕೇಳಿದ. ಕೇಳಿದ್ದು ತಪ್ಪಾಯಿತೇನೋ ಎಂದು ಆಮೇಲೆ ಅಳುಕಿದ. ಆದರೆ ಅವರು ಬೇಸರಿಸಿಕೊಳ್ಳದೆ ಅಕ್ಕನ ಕಡೆ ತಿರುಗಿ ಹೇಳಿದರು:

"ಬೆಳಕು ಕಣ್ಣನ್ನ ಕೊಲ್ಲಲ್ಲಮ್ಮ. ಬೆಳಕು ಬಿದ್ರೆ ಚುಚ್ಚುತ್ತೆ, ಚುಚ್ಚಿದ್ರೆ ನೀವು ಉಜ್ಜುತ್ತೀರಿ. ಉಜ್ಜಿದ್ರೆ ಹುಣ್ಣು ಒಳಗಿಳಿಯುತ್ತೆ. ಆಮೇಲೆ ನನ್ನ ಕೈಯಲ್ಲಿ ಏನೂ ಇರಲ್ಲ."

ಅವತ್ತು ಸಂಜೆಯೇ ಅವನು ಅಕ್ಕನ ಕಿಟಕಿಗೆ ಎರಡು ಪದರದ ಕಪ್ಪು ಪರದೆ ಹಾಕಿದ. ಅಂಚುಗಳಿಂದ ಬೆಳಕು ಇಣುಕದ ಹಾಗೆ, ಪಟಗಳ ಬೆನ್ನಿಗೆ ಅಂಟಿಸುವ ಕಂದು ಟೇಪನ್ನು ಅಂಗಡಿಯಿಂದ ತಂದು ಚೌಕಟ್ಟಿನ ಸುತ್ತ ಅಂಟಿಸಿದ. ಕೋಣೆ ಬಾವಿಯ ಹಾಗಾಯಿತು. ಅಷ್ಟಾದ ಮೇಲೆ ಅವನ ಗಮನಕ್ಕೆ ಬಂದದ್ದು ಸ್ಟೂಲಿನ ಮೇಲಿದ್ದ ಸೋಮಾರಿ.

ಸೋಮಾರಿ ಎಂದರೆ ಒಂದು ಗಿಡ. ಸಣ್ಣ ಮಣ್ಣಿನ ಕುಂಡದಲ್ಲಿ ಅಗಲವಾದ ಎಲೆಗಳು. ಎಲೆಯ ಮೇಲೆ ಕುಂಚದಿಂದ ಎಳೆದಂತೆ ಕಡುಹಸಿರು ಗೆರೆ, ಬೆನ್ನು ನೇರಳೆ. ಅಕ್ಕನ ಮಗಳು ಅದನ್ನು ಐಸ್‌ಕ್ರೀಮಿನ ಡಬ್ಬಿಯಲ್ಲಿ ನೆಟ್ಟುಕೊಂಡು ಎಲ್ಲಿಂದಲೋ ತಂದಿದ್ದಳು. ಒಂದು ಎಲೆ ಬಿಚ್ಚಬೇಕಾದರೆ ಅದು ತೆಗೆದುಕೊಳ್ಳುತ್ತಿದ್ದ ಕಾಲ ನೋಡಿ ಆ ಹೆಸರಿಟ್ಟವಳೂ ಅವಳೇ. ಹೆಸರಿಗೆ ಇನ್ನೊಂದು ಕಾರಣವೂ ಇತ್ತು. ಸಂಜೆಯಾಗುತ್ತಲೇ ಅದರ ಎಲೆಗಳೆಲ್ಲ ಮೇಲೆದ್ದು ಒಂದಕ್ಕೊಂದು ಒರಗಿ ನಿಂತುಬಿಡುತ್ತಿದ್ದವು. ಬೆಳಗಾದರೆ ಮತ್ತೆ ಚಾಪೆ ಹಾಸಿದಂತೆ ಹರಡಿಕೊಳ್ಳುತ್ತಿದ್ದವು. "ನೋಡಮ್ಮ, ದೀಪ ಹಾಕೋಕ್ ಮುಂಚೇನೇ ಮಲಗ್ತು ನಿನ್ನ ಮೊಮ್ಮಗು" ಎಂದು ಹುಡುಗಿ ತಾಯಿಯನ್ನು ಛೇಡಿಸುತ್ತಿದ್ದಳು.

ಆ ಗಿಡಕ್ಕೆ ಎಷ್ಟು ಬಿಸಿಲು ಎಂಬುದನ್ನು ಅವನಿಗೆ ಕಲಿಸಿದವಳೂ ಅವಳೇ. ಒಂದು ಭಾನುವಾರ ಕುಂಡವನ್ನು ಕೋಣೆಯ ಉದ್ದಗಲಕ್ಕೂ ಹೊತ್ತು ತಿರುಗಿ, ಪ್ರತಿ ಜಾಗದಲ್ಲೂ ಅದರ ಮೇಲೆ ಕೈ ಹಿಡಿದು ನೋಡುತ್ತಿದ್ದಳು. ಏನಮ್ಮ ಇದು ಎಂದು ಅವನು ಕೇಳಿದ್ದಕ್ಕೆ, "ನೆರಳು ನೋಡ್ತಿದೀನಿ ಮಾಮ. ನೆರಳಿಗೆ ಅಂಚು ಇದ್ರೆ ಬಿಸಿಲು ಜಾಸ್ತಿ. ನೆರಳೇ ಬೀಳ್ಲಿಲ್ಲ ಅಂದ್ರೆ ಕಮ್ಮಿ. ನೆರಳಿರ್ಬೇಕು, ಅಂಚಿರಬಾರ್ದು" ಎಂದಿದ್ದಳು. ಕೊನೆಗೆ ಕಿಟಕಿಯಿಂದ ದೂರ, ಹಾಸಿಗೆಯ ತಲೆಯ ಪಕ್ಕ, ಸ್ಟೂಲಿನ ಜಾಗ ಗೊತ್ತಾಯಿತು. ಅಂಗಡಿಯಲ್ಲಿ ಗಾಜು ಕತ್ತರಿಸುವಾಗ ಅವನಿಗೆ ಆ ಮಾತು ಆಗಾಗ ನೆನಪಾಗುತ್ತಿತ್ತು. ಹೋದ ವರ್ಷ ಜ್ವರವೆಂದು ಆಸ್ಪತ್ರೆಗೆ ತನ್ನ ಕಾಲ ಮೇಲೆ ನಡೆದು ಹೋದವಳು ನಡೆದು ಬರಲಿಲ್ಲ. ಅವಳ ಬಟ್ಟೆಗಳನ್ನು ಅಕ್ಕ ಯಾರಿಗೋ ಕೊಟ್ಟಳು, ಚಪ್ಪಲಿಯನ್ನೂ ಕೊಟ್ಟಳು. ಗಿಡ ಉಳಿಯಿತು. ಅವಳು ಮುಟ್ಟಿದ್ದರಲ್ಲಿ ಇನ್ನೂ ಬೆಳೆಯುತ್ತಿದ್ದುದು ಅದೊಂದೇ.

ಕತ್ತಲೆಗೆ ಹೋಗುವ ದಿನ ಗಿಡದ ನಡುವೆ ಹೊಸದೊಂದು ಎಲೆ, ಬೀಡಿಯಷ್ಟು ಸಣ್ಣ ಸುರುಳಿಯಾಗಿ ತಲೆ ಎತ್ತಿತ್ತು. ಮಗಳು ಹೋದ ಮೇಲೆ ಬಂದ ಮೊದಲನೆಯ ಎಲೆ. ಅಕ್ಕ ಕಣ್ಣಿಗೆ ಅಡ್ಡ ಹಿಡಿದ ಬಟ್ಟೆಯನ್ನು ಒಂದಿಷ್ಟು ಸರಿಸಿ ಅದನ್ನು ನೋಡಿದಳು.

"ಇದು ಬಿಚ್ಚೋದನ್ನ ನೋಡ್ಬೇಕು ಕಣೋ ಮರಿ. ಆಮೇಲೆ ಈ ಕಣ್ಣು ಏನು ಬೇಕಾದ್ರೂ ಆಗ್ಲಿ."

"ಹಾಗೆಲ್ಲ ಅನ್ಬೇಡ. ಎರಡೂ ಆಗುತ್ತೆ."

"ಅದನ್ನ ಈ ಕೋಣೆಯಿಂದ ಆಚೆ ಒಯ್ಯಬೇಡ. ನನ್ನ ಕೈಗೆ ಸಿಗೋ ಹಾಗೆ ಇರ್ಲಿ."

ಅವನು ಆಯಿತು ಎಂದ. ಅವಳು ಅಷ್ಟಕ್ಕೆ ಬಿಡದೆ ಕೈ ಮುಂದೆ ಚಾಚಿ, ಅವನ ಕೈ ಅದರ ಮೇಲೆ ಬರುವವರೆಗೂ ಕಾದಳು. ಆಚೆ ಒಯ್ದ ಗಿಡಗಳ ಗತಿ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮೆಟ್ಟಿಲ ದಾರಿಯಲ್ಲಿ ಯಾರೇ ಕುಂಡ ಇಟ್ಟರೂ ಕಟ್ಟಡದ ಕಾವಲುಗಾರ ಎತ್ತಿ ಕಸದ ಜೊತೆ ಸೇರಿಸುತ್ತಿದ್ದ. ಅವನ ಮೀಸೆ ಅವನಿಗಿಂತ ಮೊದಲು ಮೆಟ್ಟಿಲು ಹತ್ತುತ್ತದೆ ಎಂದು ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು.

ಅಲ್ಲಿಂದ ಫ್ರೇಮಣ್ಣನ ಚಿಂತೆ ಶುರುವಾಯಿತು. ಕಣ್ಣಿಗೆ ಕತ್ತಲೆ ಬೇಕು, ಗಿಡಕ್ಕೆ ಬೆಳಕು ಬೇಕು, ಇರುವುದು ಒಂದೇ ಕಿಟಕಿ. ಕತ್ತಲಲ್ಲಿಟ್ಟ ಗಿಡ ಬಿಳಿಚಿಕೊಂಡು ಸಾಯುತ್ತದೆ ಎಂದು ಶಾಲೆಯಲ್ಲಿ ಓದಿದ್ದು ನೆನಪಿತ್ತು. ಎಷ್ಟು ದಿನಕ್ಕೆ ಸಾಯುತ್ತದೆ ಎಂದು ಓದಿದ್ದರೂ ಮರೆತುಹೋಗಿತ್ತು. ಮುಂದಿನ ಕೋಣೆಯ ಕಿಟಕಿಯ ಬಳಿ ಕೈ ಹಿಡಿದು ನೋಡಿದ, ನೆರಳೇ ಬೀಳಲಿಲ್ಲ. ಕಡೆಗೆ ಮನೆಯ ಹೊರಗೆ, ಮೆಟ್ಟಿಲು ತಿರುಗುವ ಕಡೆ, ಪೂರ್ವಕ್ಕೊಂದು ಕಿಟಕಿ ಇದ್ದದ್ದು ಹೊಳೆಯಿತು.

ಮಾತು ಕೊಟ್ಟಿದ್ದೇನಲ್ಲ ಎಂದು ಅವನು ಹೊರಳಾಡಿದ. ಅಕ್ಕ ಮಾತ್ರೆಯ ಮಂಪರಿನಲ್ಲಿ ಬೆಳಗ್ಗೆ ತಡವಾಗಿ ಏಳುತ್ತಿದ್ದಳು. ಅವಳು ಏಳುವಷ್ಟರಲ್ಲಿ ತಿರುಗಿ ತಂದಿಟ್ಟರೆ ಕೈಗೆ ಸಿಗುವ ಹಾಗೆ ಇಟ್ಟಂತೆಯೇ ಆಯಿತಲ್ಲ? ಆ ಸಮಾಧಾನ ಅವನಿಗೇ ಸರಿಹೋಗಲಿಲ್ಲ. ಆದರೂ ಮರುದಿನ ಬೆಳಗ್ಗೆ ಕುಂಡ ಎತ್ತಿಕೊಂಡು, ಕಳ್ಳಬೆಕ್ಕಿನ ಹಾಗೆ ಹೆಜ್ಜೆ ಇಡುತ್ತ ಹೊರಗೆ ಹೋದ.

ಕಿಟಕಿಯಿಂದ ಹಿಂದೆ ಸರಿದು, ನೆರಳಿಗೆ ಅಂಚಿಲ್ಲದ ಜಾಗ ಹುಡುಕಿ, ಕುಂಡ ಇಟ್ಟು, ಪಕ್ಕದ ಮೆಟ್ಟಿಲ ಮೇಲೆ ಕಾವಲು ಕೂತ. ಮೀಸೆ ಪೊರಕೆ ಹಿಡಿದು ಬಂದವನು ನಿಂತು ನೋಡಿದ.

"ಏನ್ ಫ್ರೇಮಣ್ಣ, ಬಾಣಂತಿ ಕೂಸನ್ನ ಬಿಸಿಲು ಕಾಯಿಸೋ ಹಾಗೆ ಕೂತಿದೀರ?"

"ಸ್ವಲ್ಪ ಹೊತ್ತು. ತಗೊಂಡು ಹೋಗ್ತೀನಿ."

"ಇಟ್ಟು ಹೋದ್ರೆ ನನ್ನ ಕೇಳ್ಬೇಡಿ. ಓನರ್ ಹೇಳಿದ ಮೇಲೆ ನನಗೆ ಗುಲಾಬಿನೂ ಒಂದೇ, ಕಳೆನೂ ಒಂದೇ."

ಇಟ್ಟು ಹೋಗುವವನಲ್ಲ ಅವನು. ಅಲ್ಲೇ ಕೂತು ಕಾಫಿ ಕುಡಿದು, ಬಿಸಿಲು ಏರುತ್ತಲೇ ಕುಂಡವನ್ನು ಒಳಗೆ ತಂದು, ಅದರ ಬಾಯಿಯ ಅಂಚಿನಲ್ಲಿ ಒಡೆದಿದ್ದ ಜಾಗ ಹಾಸಿಗೆಯ ಕಡೆ ಬರುವಂತೆ ತಿರುಗಿಸಿ ಇಡುತ್ತಿದ್ದ. ಅಕ್ಕ ಆ ಒಡಕನ್ನು ತಡವಿಯೇ ಗಿಡದ ದಿಕ್ಕು ತಿಳಿಯುತ್ತಿದ್ದಳು. ಹೊರಗೆ ಮಾತ್ರ ಒಡೆದ ಮಗ್ಗುಲನ್ನು ಕಿಟಕಿಯ ಕಡೆಗೆ ಇಡುತ್ತಿದ್ದ. ದಿನಕ್ಕೊಂದು ಕಡೆ ಇಟ್ಟರೆ ತನಗೇ ಗೊಂದಲವಾದೀತು ಎಂಬುದು ಅವನ ಲೆಕ್ಕ.

ಸಂಜೆ ಅಂಗಡಿಯಿಂದ ಬಂದ ಮೇಲೆ ಇಬ್ಬರೂ ಕತ್ತಲಲ್ಲಿ ಕೂತು ಮಾತಾಡುತ್ತಿದ್ದರು. ಊಟವೂ ಅಲ್ಲೇ. ತಟ್ಟೆಯಲ್ಲಿ ಏನು ಎಲ್ಲಿದೆ ಎಂದು ಅವನು ಹೇಳುತ್ತಿದ್ದ, ಅವಳು ಬೆರಳಿನಿಂದ ಹುಡುಕುತ್ತಿದ್ದಳು. ಅವಳ ಒಂದು ಕೈ ಮಾತ್ರ ಆಗಾಗ ಗಿಡದ ಮೇಲೆ ಹೋಗಿ ಬರುತ್ತಿತ್ತು. ಎಲೆಗಳು ಎದ್ದು ನಿಂತದ್ದು ಬೆರಳಿಗೆ ತಾಗಿದರೆ, "ಮಲಗ್ತು" ಎನ್ನುತ್ತಿದ್ದಳು. ಹಗಲು ರಾತ್ರಿ ಒಂದೇ ಆದ ಆ ಕೋಣೆಯಲ್ಲಿ ಅವಳಿಗೆ ಅದೇ ಗಡಿಯಾರ. ಒಮ್ಮೊಮ್ಮೆ ಹಳೆಯ ಮಾತು ತೆಗೆಯುತ್ತಿದ್ದಳು. ನೀನು ಆ ಟೈಪಿಂಗ್ ಹುಡುಗಿಯನ್ನು ಮದುವೆಯಾಗಿದ್ದರೆ ಈ ಅಡುಗೆಯ ಶಿಕ್ಷೆ ನನಗೆ ತಪ್ಪುತ್ತಿತ್ತು ಎನ್ನುತ್ತಿದ್ದಳು. ಅವಳೂ ನನ್ನ ಹಾಗೇ ಬೇಯಿಸುತ್ತಿದ್ದಳಂತೆ, ಅದಕ್ಕೇ ಬಿಟ್ಟೆ ಎಂದು ಅವನು ಅನ್ನುತ್ತಿದ್ದ. ಬೆಳಗಿನ ವಿಷಯ ನಾಲಿಗೆಯ ತುದಿಗೆ ಬಂದು ಹಿಂದೆ ಹೋಗುತ್ತಿತ್ತು. ಅವಳೂ ಏನನ್ನೋ ನುಂಗಿಕೊಳ್ಳುತ್ತಿದ್ದಾಳೆ ಎಂದು ಒಮ್ಮೆ ಅನಿಸಿತು. ಮಗಳ ನೆನಪಿರಬೇಕು ಎಂದು ಸುಮ್ಮನಾದ.

ಕೆಲವು ವಾರ ಕಳೆದಿರಬೇಕು. ಒಂದು ಬೆಳಗ್ಗೆ, ಮೆಟ್ಟಿಲ ಬಳಿಯ ಬೆಳಕಿನಲ್ಲಿ, ಎಲೆಗಳ ಬಣ್ಣ ಇಳಿದಿರುವುದು ಅವನ ಕಣ್ಣಿಗೆ ಬಿತ್ತು. ಕಡುಹಸಿರು ಗೆರೆಗಳು ಮಸುಕಾಗಿದ್ದವು. ಒಂದೆರಡು ಎಲೆಯ ತುದಿ ಕಂದಾಗಿ ಮುರುಟಿಕೊಂಡಿತ್ತು. ಬಿಳಿಚಿಕೊಂಡಿದೆ, ಕತ್ತಲೆ ತಿನ್ನುತ್ತಿದೆ, ತಾನು ಕೊಡುತ್ತಿರುವ ಬೆಳಕು ಸಾಲದು. ಹುಡುಗಿಯ ಮಾತಿನಲ್ಲಿ ಅವನಿಗೆ ಅನುಮಾನವಿರಲಿಲ್ಲ, ತನ್ನ ಕೈಯ ನೆರಳನ್ನು ತಾನು ಓದಿದ ರೀತಿಯಲ್ಲೇ ಅನುಮಾನ ಬಂತು. ಕುಂಡವನ್ನು ಕಿಟಕಿಗೆ ಇನ್ನೊಂದಿಷ್ಟು ಹತ್ತಿರ ಸರಿಸಿದ. ಮುಂದಿನ ವಾರ ಇನ್ನೂ ಹತ್ತಿರ. ಈಗ ಕೈಯ ನೆರಳಿಗೆ ತೆಳ್ಳನೆಯ ಅಂಚು ಬರುತ್ತಿತ್ತು. ಹಸಿದವನಿಗೆ ಒಂದು ತುತ್ತು ಹೆಚ್ಚಾದರೆ ಏನಾಯಿತು ಎಂದುಕೊಂಡ.

ಡಾಕ್ಟರಮ್ಮನ ಮುಖವೂ ಆ ಸಲ ಗಂಟಿಕ್ಕಿಕೊಂಡಿತ್ತು. ಇಷ್ಟು ಹೊತ್ತಿಗೆ ಹುಣ್ಣು ಒಣಗಬೇಕಾಗಿತ್ತು ಎಂದರು. ಉಜ್ಜುತ್ತೀರಾ ಎಂದು ಕೇಳಿದರು. ಅಕ್ಕ ಇಲ್ಲ ಎಂದಳು. ಬೆಳಕು ಬರುತ್ತದೆಯೇ ಎಂದು ಅವನನ್ನು ಕೇಳಿದರು. ಅವನು ಇಲ್ಲ ಎಂದ. ಆದರೆ ಮನೆಗೆ ಬಂದು ಪರದೆಯ ಸುತ್ತ ಕೈಯಾಡಿಸಿದರೆ ಒಂದು ಪಕ್ಕದ ಟೇಪು ಅಲ್ಲಲ್ಲಿ ಬಿಟ್ಟುಕೊಂಡಿತ್ತು. ಅವನಿಗೆ ತನ್ನ ಮೇಲೆಯೇ ಕೋಪ ಬಂತು. ಹಳೆಯ ದಾಸ್ತಾನಿನ ಟೇಪು ತಂದು ಅಂಟಿಸಿದ್ದೆ, ಅಂಟು ಸತ್ತಿದೆ, ನನ್ನ ಅಜಾಗ್ರತೆಯಿಂದ ಅಕ್ಕನ ಕಣ್ಣು ಹೋಗುತ್ತಿದೆ ಎಂದುಕೊಂಡು, ಮರುದಿನ ಹೊಸ ಸುರುಳಿ ತಂದು ಎರಡು ಸುತ್ತು ಅಂಟಿಸಿದ. ವಾರದೊಳಗೆ ಅದೂ ಬಿಟ್ಟುಕೊಂಡಿತು. ಈ ಕಾಲದಲ್ಲಿ ಒಳ್ಳೆಯ ಟೇಪು ಸಿಗುವುದಿಲ್ಲ ಎಂದು ಯಜಮಾನರ ಹತ್ತಿರ ಗೊಣಗಿದ. ನಾವು ಅಂಟಿಸಿದ ಪಟ ಯಾವುದಾದರೂ ಬಿಚ್ಚಿಕೊಂಡು ವಾಪಸು ಬಂದಿದೆಯೇ ಎಂದು ಅವರು ಕೇಳಿದರು. ಬಂದಿರಲಿಲ್ಲ. ಅದನ್ನು ಅವನು ಮುಂದಕ್ಕೆ ಯೋಚಿಸಲಿಲ್ಲ.

ಒಂದು ಮಧ್ಯಾಹ್ನ, ಊಟದ ಡಬ್ಬಿ ಮುಚ್ಚಿಟ್ಟು ಅವನು ಕೈ ತೊಳೆಯುತ್ತಿದ್ದಾಗ, ನಡುವಯಸ್ಸಿನ ಹೆಂಗಸೊಬ್ಬರು ಹಳೆಯ ಪಟ ತಂದರು. ಅವರ ತಂದೆಯದು. ಮುಖ, ಕೋಟು, ಹಿಂದಿನ ಪರದೆ ಎಲ್ಲವೂ ತೊಳೆದ ಹಾಗೆ ತೆಳ್ಳಗಿನ ಹಳದಿಗೆ ತಿರುಗಿತ್ತು. ಹೊಸ ಕಟ್ಟು ಹಾಕಿದರೆ ಕಳೆ ಬರುತ್ತದೆಯೇ ಎಂದು ಕೇಳಿದರು. ಎಲ್ಲಿ ತೂಗುಹಾಕಿದ್ದಿರಿ ಎಂದು ಅವನು ರೂಢಿಯಂತೆ ಕೇಳಿದ. "ಕಿಟಕಿ ಎದುರಿಗೆ. ನೀವು ಬೇಡ ಅಂದಿದ್ರಿ. ಅಮ್ಮ ಕೇಳ್ಲಿಲ್ಲ, ಅವರಿಗೆ ಬೆಳಕಲ್ಲಿ ನೋಡ್ಬೇಕಿತ್ತು" ಎಂದರು.

ಅವನು ಪಟವನ್ನು ಬೋರಲು ಹಾಕಿ, ಮೊಳೆಗಳನ್ನು ಕಿತ್ತು, ಹಿಂದಿನ ಹಲಗೆ ತೆಗೆದು, ಫೋಟೋದ ಸುತ್ತ ಇಟ್ಟಿದ್ದ ದಪ್ಪ ರಟ್ಟನ್ನು ಎತ್ತಿದ. ರಟ್ಟಿನ ಅಡಿ ಮುಚ್ಚಿಹೋಗಿದ್ದ ಬೆರಳಗಲದ ಅಂಚಿನಲ್ಲಿ ಬಣ್ಣ ಮೊದಲಿನಂತೆಯೇ ಇತ್ತು. ಕೋಟಿನ ತೋಳು ಅಚ್ಚ ನೀಲಿ.

"ಅಪ್ಪನ ಕೋಟು ನೀಲಿ ಅಂತ ನನಗೆ ಗೊತ್ತೇ ಇರ್ಲಿಲ್ಲ" ಎಂದರು ಆ ಹೆಂಗಸು, ತುಂಬ ಮೆಲ್ಲಗೆ.

ಅವನು ಆ ನೀಲಿಯನ್ನೇ ನೋಡುತ್ತ ನಿಂತ. ಬೆಳಗ್ಗೆ ಮೆಟ್ಟಿಲ ಬಳಿ ಕುಂಡ ಎತ್ತುವಾಗ ಮೇಲಿನ ಎಲೆಯೊಂದು ಕೈ ತಾಗಿ ಸರಿದಿತ್ತು. ಅದರ ಅಡಿಯಿದ್ದ ಎಲೆಯ ಮೇಲೆ ಒಂದು ಕಡುಹಸಿರು ಮಚ್ಚೆ ಕಂಡಿತ್ತು. ಆಗ ಅದನ್ನು ಒಳ್ಳೆಯ ಲಕ್ಷಣವೆಂದುಕೊಂಡಿದ್ದ. ಈಗ ನೆನಪಿಗೆ ಬಂದದ್ದು ಆ ಮಚ್ಚೆಯ ಆಕಾರ. ಅದು ಮೇಲಿನ ಎಲೆಯದೇ ಆಕಾರ. ಮುಚ್ಚಿದ್ದ ಕಡೆ ಬಣ್ಣ ಉಳಿದಿದೆ. ಮಿಕ್ಕ ಕಡೆ ಅದನ್ನು ತಿಂದದ್ದು ಕತ್ತಲೆಯಲ್ಲ, ಬಿಸಿಲು.

ಇನ್ನೂ ಒಂದು ಇತ್ತು. ಅವನು ಬಿಸಿಲಿಗೆ ಹಿಡಿಯುತ್ತಿದ್ದುದು ಒಡೆದ ಮಗ್ಗುಲನ್ನು ಮಾತ್ರ. ಆ ಮಚ್ಚೆಯಿದ್ದ ಎಲೆ ಇನ್ನೊಂದು ಮಗ್ಗುಲಿನದು. ಕೋಣೆಯಲ್ಲಿ ಮುಚ್ಚಿದ ಕಿಟಕಿಯ ಕಡೆಗಿರುವ ಮಗ್ಗುಲು. ಅಲ್ಲಿಗೆ ಬಿಸಿಲು ಬಂದದ್ದು ಎಲ್ಲಿಂದ?

ಯಜಮಾನರ ಹತ್ತಿರ ಹೋಗಿ ಮನೆಗೆ ಹೋಗಬೇಕು ಎಂದ. ಮೈ ಸರಿಯಿಲ್ಲವೇ ಎಂದು ಅವರು ಕೇಳಿದರು. ಅವನು ಗಿಡ ಎಂದ. ಅವರು ಅವನ ಮುಖ ನೋಡಿ, ಬಾಯಿಗೆ ಬಂದಿದ್ದ ತಮಾಷೆಯನ್ನು ಅಲ್ಲೇ ಬಿಟ್ಟು, ಹೋಗು ಎಂದರು.

ಮನೆಯ ಬಾಗಿಲನ್ನು ಅವನು ಸದ್ದಿಲ್ಲದೆ ತೆರೆದ. ಅಕ್ಕನ ಕೋಣೆಯ ಬಾಗಿಲ ಕೆಳಗೆ ಬೆಳಕಿನ ಪಟ್ಟಿ ಇತ್ತು.

ಪರದೆ ಒಂದು ಬದಿಗೆ ಸರಿದಿತ್ತು. ಇಳಿಬಿಸಿಲು ನೇರವಾಗಿ ಸ್ಟೂಲಿನ ಮೇಲೆ ಬಿದ್ದಿತ್ತು. ಕುಂಡದ ನೆರಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೆಲದ ಮೇಲೆ ಕೂತಿತ್ತು. ಅಕ್ಕ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಕಣ್ಣಿಗೆ ಟವೆಲು ಸುತ್ತಿಕೊಂಡಿದ್ದಳು. ಒಂದು ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ, ಅಂಗೈಯ ಬೆನ್ನನ್ನು ಬಿಸಿಲಿಗೆ ಹಿಡಿದು, ಗಿಡದ ಪಕ್ಕದಲ್ಲೇ ಇಟ್ಟಿದ್ದಳು, ಸ್ನಾನದ ನೀರು ಹದವಾಗಿದೆಯೇ ಎಂದು ನೋಡುವವರ ಹಾಗೆ.

"ಯಾರು?"

"ನಾನೇ."

ಅವಳ ಕೈ ಅಲುಗಲಿಲ್ಲ. ಅವನು ಹೋಗಿ ಪರದೆ ಎಳೆದ. ಕತ್ತಲಾಯಿತು. ಟೇಪಿನ ತುದಿಗಳು ಅವನ ಬೆರಳಿಗೆ ಅಂಟಿಕೊಂಡವು.

"ದಿನಾ ತೆಗೀತಿದ್ದೆಯಾ?"

"ಬೈಬೇಡ. ಅದೂ ಊಟ ಮಾಡ್ಬೇಕಲ್ಲ ಮರಿ. ನಿನಗೆ ಹೇಳಿದ್ರೆ ಕಣ್ಣು ಮೊದಲು ಅಂತೀಯ."

"ಕಣ್ಣು ಉಜ್ಜಿದೆಯಾ?"

ಟೇಪು ಹುಡುಕಿ ಬಿಡಿಸುವಾಗ ಟವೆಲು ಜಾರಿ ಬೆಳಕು ಚುಚ್ಚಿಬಿಡುತ್ತದೆ, ಆಗ ಕೈ ತಾನಾಗಿ ಹೋಗುತ್ತದೆ ಎಂದಳು. ಆಮೇಲೆ ತಾನಾಗಿಯೇ ಹೇಳಿದಳು:

"ಕತ್ತಲಲ್ಲಿ ಅದಕ್ಕೆ ಜ್ವರ ಬಂದಿತ್ತು ಕಣೋ. ಬೆಳಗ್ಗೆ ಎದ್ದು ಮುಟ್ಟಿದ್ರೆ ಕುಂಡ ಬೆಚ್ಚಗಿರ್ತಿತ್ತು. ಒಂದು ದಿನ ಅಲ್ಲ, ದಿನಾ. ಯಾರಿಗೆ ಹೇಳೋದು, ಗಿಡಕ್ಕೆ ಜ್ವರ ಅಂದ್ರೆ ನೀನು ನಗ್ತೀಯ. ಅವಳದ್ದೂ ಹಾಗೇ ಅಲ್ವಾ, ಬೆಳಗ್ಗೆ ಬೆಚ್ಚಗಿತ್ತು, ಸಂಜೆ ನೋಡೋಣ ಅಂತ ಬಿಟ್ಟೆ. ಇದನ್ನೂ ಹಾಗೆ ಬಿಡಕ್ಕಾಗಲ್ಲ ಅನ್ನಿಸ್ತು. ಬೆಳಕಿಲ್ಲದೆ ಹೀಗಾಗ್ತಿದೆ ಅಂತ ತೆಗೆದೆ. ಎಲೆ ಕಾಗದದ ಹಾಗೆ ಒಣಗ್ತಾ ಬಂತು, ಇನ್ನೂ ಸಾಲದು ಅಂತ ಇನ್ನೂ ಹೊತ್ತು ತೆಗೆದೆ."

ಅವನು ಹಾಸಿಗೆಯ ತುದಿಯಲ್ಲಿ ಕುಳಿತ. ಬೆಚ್ಚಗಿದ್ದದ್ದು ಯಾಕೆ ಎಂದು ಹೇಳಬೇಕಾಗಿತ್ತು, ಹೇಳಿದ. ಬೆಳಗ್ಗೆ ಕುಂಡ ಒಯ್ಯುತ್ತಿದ್ದದ್ದು, ಮೆಟ್ಟಿಲ ಬಳಿ ಕೂರುತ್ತಿದ್ದದ್ದು, ಎಲೆ ಬಿಳಿಚಿದ್ದು ಕಂಡು ಇನ್ನಷ್ಟು ಬಿಸಿಲಿಗೆ ಸರಿಸಿದ್ದು. ಹೇಳುತ್ತ ಹೋದಂತೆ ಅವನ ದನಿ ಸಣ್ಣದಾಯಿತು. ಕೈ ಮೇಲೆ ಕೈ ಇಟ್ಟಿದ್ದೆ, ಆದರೂ ಒಯ್ದೆ ಎಂದ.

ಹೊರಗೆ ಯಾರೋ ಬಕೆಟು ಎಳೆದುಕೊಂಡು ಮೆಟ್ಟಿಲು ಇಳಿದ ಸದ್ದಾಯಿತು.

"ಅಂದ್ರೆ ನೀನು ಬೆಳಗ್ಗೆ, ನಾನು ಮಧ್ಯಾಹ್ನ."

"ಹೂಂ."

"ಒಂದೇ ಪಾತ್ರೆಗೆ ಇಬ್ಬರೂ ಉಪ್ಪು ಹಾಕಿದ ಹಾಗಾಯ್ತು." ಅವಳು ನಕ್ಕಳು. ನಗು ಅರ್ಧಕ್ಕೆ ನಿಂತಿತು. "ಎಷ್ಟು ಉಳಿದಿದೆ ಹೇಳು. ಸುಳ್ಳು ಬೇಡ."

ಅವನು ಕುಂಡವನ್ನು ಮುಂದಿನ ಕೋಣೆಗೆ ಒಯ್ದು ದೀಪದಡಿ ನೋಡಿದ. ಬಂದು ಹೇಳಿದ: ಒಂದು ಎಲೆ ಚೆನ್ನಾಗಿದೆ, ಬೇರೆಯವುಗಳ ಅಡಿಯಲ್ಲಿದ್ದದ್ದು. ಸುರುಳಿ ಇದೆ, ತುದಿ ಕಂದಿದೆ. ಮಿಕ್ಕಿದ್ದನ್ನು ಕತ್ತರಿಸಬೇಕು.

"ಕತ್ತರಿಸು" ಎಂದಳು.

ಅಂಗಡಿಯಲ್ಲಿ ರಟ್ಟು ಕತ್ತರಿಸುವ ಅಲಗಿನಿಂದ ಅವನು ಸುಟ್ಟ ಎಲೆಗಳನ್ನು ಬುಡಕ್ಕೆ ತೆಗೆದ. ಅವಳು ಒಂದೊಂದನ್ನೂ ಕೈಗೆ ತೆಗೆದುಕೊಂಡು ತಡವಿ ಪಕ್ಕಕ್ಕೆ ಇಟ್ಟಳು.

ಮರುದಿನದಿಂದ ಏನನ್ನೂ ಮುಚ್ಚಿಡಲಿಲ್ಲ. ಬೆಳಗ್ಗೆ ಅವಳನ್ನು ಎಬ್ಬಿಸಿ, ಒಯ್ಯುತ್ತಿದ್ದೇನೆ ಎಂದು ಹೇಳಿ ಒಯ್ಯುತ್ತಿದ್ದ. ನೆರಳಿಗೆ ಅಂಚಿಲ್ಲದ ಹಳೆಯ ಜಾಗದಲ್ಲೇ ಇಡುತ್ತಿದ್ದ. ಮೀಸೆ ಒಂದು ದಿನ ಬಂದು, ಬೋಳಾದ ಕುಂಡವನ್ನೂ ಅವನನ್ನೂ ನೋಡಿ, ಆ ಮೂಲೆ ಬಿಟ್ಟು ಉಳಿದ ಜಾಗ ಗುಡಿಸಿ ಹೋದ. ಅಕ್ಕ ಹಗಲೆಲ್ಲ ಎರಡೂ ಕೈಗಳನ್ನು ಹೊದಿಕೆಯ ಕೆಳಗೆ ಇಟ್ಟುಕೊಂಡು ಮಲಗಿರುತ್ತಿದ್ದಳು. ಅವನ ಹೊಸ ಟೇಪು ಈ ಸಲ ಎಲ್ಲೂ ಬಿಡಲಿಲ್ಲ.

ಆದರೆ ಹುಣ್ಣು ಆಗಲೇ ಒಳಗಿಳಿದಿತ್ತು. ಡಾಕ್ಟರಮ್ಮ ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಹುಣ್ಣು ಒಣಗಿತು, ನೋವೂ ನಿಂತಿತು. ಒಣಗಿದ ಜಾಗದಲ್ಲಿ, ಕಪ್ಪಿನ ಮೇಲೆ ಪೂರ್ತಿ, ಬಿಳಿಯ ಹೂವು ಬಿತ್ತು. ಅವರು ಬೆರಳು ಹಿಡಿದು ಎಷ್ಟು ಎಂದು ಕೇಳಿದರು. ಅಕ್ಕ ಹೇಳಲಿಲ್ಲ. ಏನು ಕಾಣುತ್ತದೆ ಎಂದರು. "ಬೆಳಕು ಗೊತ್ತಾಗುತ್ತೆ. ನೀವು ಎದುರಿಗೆ ಬಂದ್ರೆ ನೆರಳು ಬಂದ ಹಾಗೆ. ಅಂಚಿಲ್ಲ" ಎಂದಳು ಅಕ್ಕ. ಮುಂದೆ ಬೇರೆ ದಾರಿ ಇದೆಯೇ ನೋಡೋಣ, ಮಾತು ಕೊಡಲಾರೆ ಎಂದು ಅವರು ನಿಧಾನವಾಗಿ ಹೇಳಿದರು. ಏಳುವಾಗ ಅವನ ಕಡೆ ತಿರುಗಿ, "ಇನ್ನು ಪರದೆ ತೆಗೀಬಹುದು. ತೊಂದರೆ ಇಲ್ಲ" ಎಂದರು.

ದಾರಿಯಲ್ಲಿ ಅಕ್ಕ ಅವನ ತೋಳು ಹಿಡಿದು ನಡೆಯುತ್ತ, "ಗಿಡದಲ್ಲಿ ಯಾವತ್ತೂ ಬಿಡದ ಹೂವು ನನ್ನ ಕಣ್ಣಲ್ಲಿ ಬಿಡ್ತು ನೋಡು" ಎಂದಳು. ಅವನಿಗೆ ನಗಲು ಆಗಲಿಲ್ಲ. ನಗದಿದ್ದರೆ ಅವಳಿಗೆ ಬೇಸರವಾದೀತೆಂದು ಹೂಂಗುಟ್ಟಿದ.

ಮನೆಗೆ ಬಂದವನೇ ಟೇಪು ಕಿತ್ತ. ಒಳ್ಳೆಯ ಟೇಪಾದ್ದರಿಂದ ಕಿಟಕಿಯ ಬಣ್ಣವನ್ನೂ ಎಬ್ಬಿಸಿಕೊಂಡು ಬಂತು. ಪರದೆ ಇಳಿಸಿದ. ಕೋಣೆಯ ತುಂಬ ಧೂಳು, ಮೂಲೆಯಲ್ಲಿ ಬಲೆ, ಗೋಡೆಯ ಮೇಲೆ ಅಕ್ಕ ತಡವುತ್ತ ಓಡಾಡಿದ ಕೈಯ ಗುರುತುಗಳು ಕಂಡವು. ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತು, "ಬೆಳ್ಳಗಿದೆ" ಎಂದಳು.

ಎಲೆಯ ಸುರುಳಿ ಹೋದ ವಾರವೇ ಬಿಚ್ಚಿತ್ತು. ಅವನು ಹೇಳಿರಲಿಲ್ಲ, ಕಣ್ಣು ಬರಲಿ, ತಾನೇ ನೋಡಲಿ ಎಂದು ಕಾದಿದ್ದ. ಎಲೆ ಹುಟ್ಟುವಾಗಲೇ ಸುಟ್ಟದ್ದರಿಂದ ಒಂದು ಪಕ್ಕ ಪೂರ್ತಿ ಬಿಚ್ಚದೆ ಮುದುಡಿಕೊಂಡಿತ್ತು. ಈಗ ಕುಂಡವನ್ನು ತಂದು ಅವಳ ಮಡಿಲಲ್ಲಿಟ್ಟ. ಅವಳು ಒಡಕು ಹುಡುಕಿದಳು, ಅಲ್ಲಿಂದ ಬೆರಳುಗಳನ್ನು ಮೇಲಕ್ಕೆ ಒಯ್ದು, ಹಳೆಯ ಎಲೆ ದಾಟಿ, ಹೊಸದರ ಮೇಲೆ ನಿಲ್ಲಿಸಿದಳು.

"ಬಿಚ್ಚಿದೆ."

"ಹೂಂ."

"ಈ ಪಕ್ಕ ಸುಟ್ಟಿದೆ. ಬಣ್ಣ?"

"ಮಿಕ್ಕಿದ್ದು ಹಸಿರು. ಗೆರೆ ಇದೆ."

"ಎದ್ದು ಕಾಣುತ್ತಾ?"

"ಕಾಣುತ್ತೆ."

ಅವಳು ಕುಂಡವನ್ನು ಎದೆಗೊತ್ತಿಕೊಂಡು ಎದ್ದಳು. ಕಿಟಕಿಯ ಹತ್ತಿರ ಹೋಗಿ ನಿಂತಳು, ತಲೆ ಅಲ್ಲಾಡಿಸಿದಳು. ಒಂದು ಹೆಜ್ಜೆ ಹಿಂದೆ ಬಂದಳು, ಮತ್ತೊಂದು. ಮುಖವನ್ನು ಬೆಳಕಿಗೆ ಒಡ್ಡಿ, ಬೆಳ್ಳಗಿದ್ದದ್ದು ಎಲ್ಲಿ ತಣ್ಣಗಾಗುತ್ತದೆ ಎಂದು ಹುಡುಕುತ್ತಿದ್ದಳು. ಹಾಸಿಗೆಯ ತಲೆಯ ಪಕ್ಕ ಬಂದು ನಿಂತು ಇಲ್ಲಿ ಎಂದಳು. ಅವನು ಸ್ಟೂಲು ತಂದಿಟ್ಟ. ಅದು ಮೊದಲು ಇದ್ದದ್ದೂ ಅಲ್ಲೇ.

"ಕೈ ಹಿಡಿದು ನೋಡು. ನೆರಳಿದೆಯಾ?"

ಅವನು ಗಿಡದ ಮೇಲೆ ಕೈ ಹಿಡಿದ. ತನ್ನ ಕಣ್ಣನ್ನು ನಂಬದೆ ಬಾಗಿ, ಇನ್ನೊಂದು ಸಲ ನೋಡಿದ.

"ಇದೆ."

"ಅಂಚು?"

"ಇಲ್ಲ."

"ನನಗೂ ಇಲ್ಲ" ಎಂದಳು. "ಸರಿಯಾಗಿದೆ ಬಿಡು."

ಆಮೇಲೆ ಇಬ್ಬರೂ ಅಲ್ಲೇ ಕುಳಿತಿದ್ದರು. ಬಿಸಿಲು ನೆಲದ ಮೇಲೆ ಸರಿದು, ಗೋಡೆ ಹತ್ತಿ, ಹೋಯಿತು. ಅವಳ ಬೆರಳು ಉಳಿದ ಎರಡು ಎಲೆಗಳ ನಡುವೆ ಇತ್ತು. ಅವು ನಿಧಾನವಾಗಿ ಮೇಲೆದ್ದವು. ಚೆನ್ನಾಗಿದ್ದದ್ದು ಪೂರ್ತಿ, ಮುದುಡಿದ್ದು ಅರ್ಧ.

"ಮಲಗ್ತು" ಎಂದಳು ಅಕ್ಕ.

ಅವನು ದೀಪ ಹಾಕಲೆಂದು ಎದ್ದ. ಸ್ವಿಚ್ಚಿನ ಮೇಲೆ ಕೈಯಿಟ್ಟು, ಯಾರಿಗೆಂದು ಒಂದು ಕ್ಷಣ ನಿಂತ. ಆಮೇಲೆ ಹಾಕಿದ, ಅಡುಗೆ ಮಾಡಬೇಕಾಗಿತ್ತು.